ಕತ್ತಿ ಓಣಿಯ ಖಡ್ಗವೀರರು

ಹರಪನಹಳ್ಳಿಯ ಕತ್ತಿ ಓಣಿಯಲ್ಲಿ ಹುಟ್ಟಿ, ಅಲ್ಲಿಯೇ ಬೆಳೆದು, ನಿವೃತ್ತರಾಗಿ ಅಲ್ಲಿಯೇ ಕೂತ ಹಾಲೇಶಪ್ಪ ಮಾಸ್ತರರಿಗೆ ಆ ಓಣಿಯ ಹೆಸರು ಕಿವಿಗೆ ಬಿದ್ದರೆ ಮೈ ಉರಿಯುತ್ತಿತ್ತು. ಈ ಸೀಮೆಯವರ ಬಾಯಲ್ಲಿ ಮನೆ ಎಂಬುದು ಮನಿ, ಸಂತೆ ಎಂಬುದು ಸಂತಿ. ಹಾಗೆಯೇ ಕತ್ತೆ ಎಂಬುದು ಕತ್ತಿ. ಒಂದು ಕಾಲಕ್ಕೆ ಓಣಿಯ ತುಂಬ ಕತ್ತೆಗಳನ್ನು ಕಟ್ಟುತ್ತಿದ್ದರು, ಅದಕ್ಕೇ ಕತ್ತಿ ಓಣಿ. ಇದನ್ನು ಊರಿನ ಯಾವ ಕೂಸಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಊರವರು ಮಾಸ್ತರರನ್ನು ಕರೆಯುತ್ತಿದ್ದುದೂ ಕತ್ತಿ ಮಾಸ್ತರ ಅಂತಲೇ.

ಮಾಸ್ತರರಿಗೂ ಊರವರನ್ನು ಕಂಡರೆ ಅಷ್ಟಕ್ಕಷ್ಟೆ. ಇಡೀ ನೌಕರಿಯನ್ನು ಅವರು ಹುಡುಗರ ನಾಲಿಗೆ ತಿದ್ದುವುದರಲ್ಲೇ ಸವೆಸಿದರು. "ಮನಿ ಅಲ್ಲಲೇ, ಮನೆ! ಎಕಾರ, ಎಕಾರ!" ಎನ್ನುತ್ತ ಬೆರಳಿನ ಗಂಟಿಗೆ ರೂಲುದೊಣ್ಣೆಯಿಂದ ಬಾರಿಸುತ್ತಿದ್ದರು. ಸಿಟ್ಟು ನೆತ್ತಿಗೇರಿ "ಕತ್ತೆ" ಎಂದು ಬೈಯುವಾಗಲೂ ಎಕಾರವನ್ನು ಚೊಕ್ಕಟವಾಗಿ ಉಚ್ಚರಿಸುತ್ತಿದ್ದ ಮಾಸ್ತರು ತಾಲೂಕಿಗೆ ಅವರೊಬ್ಬರೇ. ಹುಡುಗರು ತಲೆಯಾಡಿಸಿ, ಗಂಟೆ ಹೊಡೆದೊಡನೆ ಮನಿಗೇ ಹೋಗುತ್ತಿದ್ದರು.

ಅವರ ತಾತ್ಸಾರದಲ್ಲಿ ದೊಡ್ಡ ಪಾಲು ಮಾತ್ರ ಹೆತ್ತ ತಾಯಿಗೆ ಸಲ್ಲುತ್ತಿತ್ತು. ನಾಗಲಿಂಗಮ್ಮನಿಗೆ ವಯಸ್ಸಾಗಿ ಸೊಂಟ ಬಾಗಿತ್ತೇ ಹೊರತು ಬಾಯಿ ಬಾಗಿರಲಿಲ್ಲ. ಯಾರು ಬಂದರೂ ತನ್ನ ಮಾವನ ಕತ್ತೆಗಳ ಸುದ್ದಿ ತೆಗೆಯುವಳು. ಆ ಮಾವ, ಅಂದರೆ ಮಾಸ್ತರರ ಅಜ್ಜ, ಕತ್ತೆಗಳ ಮೇಲೆ ಉಪ್ಪು, ಜೋಳ ಹೇರಿಕೊಂಡು ಸಂತೆಯಿಂದ ಸಂತೆಗೆ ಅಲೆದವನು. ಇರುವ ಮನೆ ಕಟ್ಟಿದ್ದು ಆ ದುಡಿಮೆಯಿಂದ, ಮಗನಿಗೆ ಅಕ್ಷರ ಕಲಿಸಿದ್ದು ಆ ದುಡಿಮೆಯಿಂದ. ಮೊಮ್ಮಗ ಎಕಾರ ಹಿಡಿದು ಮೆರೆಯುವಂತಾದದ್ದೂ ಅದರಿಂದಲೇ. ಆದರೆ ಮಾಸ್ತರರು ಒಂದು ದಿನವೂ ಇದನ್ನು ಬಾಯಿಬಿಟ್ಟು ಒಪ್ಪಿದವರಲ್ಲ. ದೊಡ್ಡ ಮನುಷ್ಯರು ಬಂದರೆಂದರೆ ಮುದುಕಿಯನ್ನು ಒಳಕೋಣೆಗೆ ಸಾಗಿಸಿಬಿಡುತ್ತಿದ್ದರು.

ನಿವೃತ್ತರ ತಲೆ ಬಲು ಕೆಟ್ಟದ್ದು, ಸುಮ್ಮನೆ ಕೂಡುವುದಿಲ್ಲ. ಪುಸ್ತಕದ ಕನ್ನಡದಲ್ಲಿ ಕತ್ತಿ ಎಂದರೆ ಖಡ್ಗವಲ್ಲವೇ ಎಂದು ಒಂದು ದಿನ ಅವರಿಗೆ ಹೊಳೆದುಬಿಟ್ಟಿತು. ಜೀವಮಾನವೆಲ್ಲ ಹಳಿದ ಊರ ನಾಲಿಗೆಯೇ ಮಾನ ಕಾಯಲು ಬಂದಿತ್ತು, ನಾಚಿಕೆಯಿಲ್ಲದೆ ಅದರ ಬಾಲ ಹಿಡಿದರು. ನೋಡನೋಡುತ್ತ ಅದು ಪಾಳೇಗಾರರ ಕತ್ತಿವರಸೆಯ ಭಂಟರು ಬಾಳಿದ ಓಣಿಯಾಯಿತು. ಓಣಿಯವರಾದರೂ ಬೇಡವೆಂದರೇ? ಬಿಟ್ಟಿ ಸಿಕ್ಕ ಶೌರ್ಯವನ್ನು ಬಾಚಿಕೊಂಡರು. ಮಂಡಕ್ಕಿ ಅಂಗಡಿಯ ಕೊಟ್ರಸ್ವಾಮಿ, "ನಮ್ಮಜ್ಜ ಒಬ್ನಽ ಹತ್ತು ಮಂದಿನ ಕಡೀತಿದ್ನಂತ್ರಿ" ಎಂದು ಗಿರಾಕಿಗಳ ಮುಂದೆ ಬಿಡತೊಡಗಿದ. ಅವನಜ್ಜ ಮನೆಯಲ್ಲಿ ಇಲಿ ಕಂಡರೆ ಹೆಂಡತಿಯನ್ನು ಕೂಗುತ್ತಿದ್ದವನು.

ಈ ಸುದ್ದಿ ಹೇಗೋ ಬೆಂಗಳೂರು ಮುಟ್ಟಿತು. ಅಲ್ಲೊಂದು ಗುಂಪು, ಭಾನುವಾರ ಬಂದರೆ ಸಾಕು, ಚಿಕ್ಕಪೇಟೆ, ಬಳೇಪೇಟೆ ಎಂದು ಹಳೆಯ ಪೇಟೆಗಳನ್ನು ಸುತ್ತಿ ಚರಿತ್ರೆ ಹುಡುಕುವವರದು. ತಾವು ಬಾಡಿಗೆಗಿರುವ ಬೀದಿಯಲ್ಲಿ ಪಕ್ಕದ ಮನೆಯವರ ಹೆಸರು ಗೊತ್ತಿರದಿದ್ದರೂ ಇವರಿಗೆ ಮುನ್ನೂರು ವರ್ಷದ ಹಿಂದಿನವರ ಚಿಂತೆ. ಪೇಟೆಗಳೆಲ್ಲ ಮುಗಿದವೋ ಏನೋ, ಈಗ ಊರೂರು ತಿರುಗುತ್ತ, ಮೆಚ್ಚಿದ ಓಣಿಯ ಬಾಯಿಗೆ ಕಲ್ಲಿನ ಫಲಕ ನೆಡಿಸುತ್ತಿದ್ದರು. ಮಾಸ್ತರರ ಜೀವವೆಲ್ಲ ಆ ಫಲಕದ ಮೇಲೆ ನಿಂತಿತು. ಕತ್ತಿ ಎಂದರೆ ಖಡ್ಗವೆಂದು ಕಲ್ಲಿನಲ್ಲಿ ಕೆತ್ತಿಬಿಟ್ಟರೆ, ಆಮೇಲೆ ಕತ್ತಿ ಮಾಸ್ತರ ಎಂದು ನಗುವವನಾರು?

ಬಂದೇ ಬಂದರು. ತಲೆಗೆ ಟೋಪಿ, ಕೈಯಲ್ಲಿ ನೀರಿನ ಬಾಟಲಿ, ಮುಖದಲ್ಲಿ ಎಲ್ಲಕ್ಕೂ ಬೆರಗು. ಮುರಿದ ಒರಳಿಗೂ ಫೋಟೊ, ಕೊಟ್ರಸ್ವಾಮಿಯ ಮೀಸೆಗೂ ಫೋಟೊ. ಮುಖಂಡಳು ಅರ್ಚನಾ ಎಂಬ ಹುಡುಗಿ, ಕೇಳಿದ್ದನ್ನೆಲ್ಲ ಮೊಬೈಲಿಗೆ ಹೊಡೆದುಕೊಳ್ಳುವವಳು. ಮಾಸ್ತರರು ಇಸ್ತ್ರಿ ಅಂಗಿ ತೊಟ್ಟು, ಇಲ್ಲದ ಭಂಟರನ್ನು ಇಲ್ಲದ ಕಾಳಗಗಳಲ್ಲಿ ಕಾದಾಡಿಸುತ್ತ ನಡೆದರು. ಇಂಥ ದಡ್ಡರಿಗೆ ಇಷ್ಟು ಸಾಕು ಎಂದು ಒಳಗೊಳಗೇ ನಗುತ್ತಲೂ ಇದ್ದರು. ಹೀಗೆ ಅವರ ಮನೆಯ ಮುಂದೆ ಬಂದರೆ, ಒಳಕೋಣೆಯಲ್ಲಿ ಇರಬೇಕಾಗಿದ್ದ ನಾಗಲಿಂಗಮ್ಮ ಕಟ್ಟೆಯ ಮೇಲೆ ಕಾಲು ಚಾಚಿಕೊಂಡು ಕೂತಿದ್ದಾಳೆ!

"ಯಾವೂರಿಂದ ಬಂದಿರವ್ವಾ? ಕತ್ತಿ ಸುದ್ದಿ ಕೇಳಾಕ ಬಂದಿರೇನು?" ಎಂದಳು ಮುದುಕಿ. "ನಮ್ಮ ಮಾವನೋರ ಹತ್ರ ಇದ್ದಷ್ಟು ಕತ್ತಿ ಈ ಊರಾಗ ಯಾರ ಹತ್ರಾನೂ ಇರ್ಲಿಲ್ಲ."

ಮಾಸ್ತರರು ಒಳಗೆ ಹೋಗೆಂದು ತಾಯಿಗೆ ಕಣ್ಸನ್ನೆ ಮಾಡಿದರು. ಆದರೆ ಅರ್ಚನಾ ಕುಣಿದೇಬಿಟ್ಟಳು. "ಅಯ್ಯೋ ಅಜ್ಜಿ, ನಿಜವಾಗ್ಲೂ? ಈ ಮನೇಲೇನಾ?"

"ಇಲ್ಲೇ. ನಸುಕಿನ್ಯಾಗ ಕತ್ತಿ ಬಿಚ್ಕೊಂಡು ಮನಿ ಬಿಟ್ರ, ಸಂತಿ ಮುಗಿಸ್ಕೊಂಡು ಸಂಜಿಗೇ ಬರಾದು. ದಾರ್ಯಾಗ ಎದುರು ಬಂದೋರು ಸರದು ನಿಂದ್ರತಿದ್ರು."

"ಸರಿದು ನಿಲ್ದೇ ಇರ್ತಾರಾ! ಈಗ ಒಂದಾದ್ರೂ ಉಳಿದಿದೆಯಾ ಅಜ್ಜಿ?"

"ಎಲ್ಲಿದು ತರ್ತೀ. ಒಂದು ಹಳ್ಳದ ನೀರಾಗ ಹೋತು. ಲಾರಿ ಬಂದ ಮ್ಯಾಲ ಉಳಿದುವನ್ನ ಕೊಟ್ಬಿಟ್ರು."

ಲಾರಿಗೂ ಖಡ್ಗಕ್ಕೂ ಏನು ನಂಟು ಎಂದು ಆ ಜಾಣರಲ್ಲಿ ಒಬ್ಬರೂ ಕೇಳಲಿಲ್ಲ. ಮಾಸ್ತರರು ಬೆವರು ಒರೆಸಿಕೊಂಡರು. ತಾಯಿಯ ನಾಲಿಗೆಯ ಮೇಲೆ ಮೊದಲ ಸಲ ಅವರಿಗೆ ಪ್ರೀತಿ ಬಂತು. ಅಲ್ಲಿಗೆ ಬಾಯಿ ಹೊಲಿದುಕೊಂಡಿದ್ದರೆ ಗೆದ್ದಿದ್ದರು.

"ಸರ್, ಎಷ್ಟು ಮುದ್ದಾಗಿದೆ ಅಜ್ಜಿ ಮಾತು! ಫಲಕದ ಮೇಲೆ ಅವರು ಹೇಳಿದ ಹಾಗೇ ಕೆತ್ತಿಸೋಣ, ಕೆಳಗೆ ನಿಮ್ಮ ಹೆಸರು," ಎಂದ ಅರ್ಚನಾ ಮೊಬೈಲು ನೋಡಿ, ರಾಗವೆಳೆದು ಓದಿದಳು. "ಕತ್ತಿ ಬಿಚ್ಕೊಂಡು ಮನಿ ಬಿಟ್ರ, ಸಂತಿ ಮುಗಿಸ್ಕೊಂಡು ಸಂಜಿಗೇ ಬರಾದು..."

ಮನಿ! ಸಂತಿ! ಅದೂ ಕಲ್ಲಿನ ಮೇಲೆ, ಅವರ ಹೆಸರಿನ ನೆತ್ತಿಯ ಮೇಲೆ! ಮಾಸ್ತರರ ಕೈ ತಾನಾಗಿ ರೂಲುದೊಣ್ಣೆಗೆ ತಡಕಾಡಿತು.

"ಅದನ್ನ ಹಾಗೆ ಬರೀಬಾರದಮ್ಮಾ! ಮನಿ ಅಲ್ಲ, ಮನೆ. ಸಂತಿ ಅಲ್ಲ, ಸಂತೆ. ಸಂಜಿ ಅಲ್ಲ, ಸಂಜೆ. ಕತ್ತಿ ಅಲ್ಲ, ಕತ್ತೆ. ಎಕಾರ, ಎಕಾರ!"

ಕೊಟ್ರಸ್ವಾಮಿ ಮೀಸೆ ಇಳಿಬಿಟ್ಟು ಅಂಗಡಿಯೊಳಗೆ ನುಸುಳಿದ. "ಕತ್ತೆ?" ಎಂದಳು ಅರ್ಚನಾ, ಮುದುಕಿಯ ಮುಖವನ್ನೊಮ್ಮೆ ಮಗನ ಮುಖವನ್ನೊಮ್ಮೆ ನೋಡುತ್ತ. ಅವಳ ಹಿಂದೆ ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಎಲ್ಲರೂ ನಕ್ಕರು.

ನಗದೆ ಇದ್ದವಳು ನಾಗಲಿಂಗಮ್ಮ ಒಬ್ಬಳೇ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಮಗನ ಕೈ ಹಿಡಿದು ಜಗ್ಗಿದಳು.

"ಇವತ್ತಾದ್ರೂ ಮಂದಿ ಮುಂದ ನಿಮ್ಮಜ್ಜನ ಕತ್ತಿ ಇದ್ದದ್ದು ಒಪ್ಕೊಂಡ್ಯಲ್ಲಪ್ಪಾ. ನಾ ಸತ್ರೂ ಚಿಂತಿಲ್ಲ."

ಆ ಮಾತಿನಲ್ಲಿ ತಿದ್ದುವುದಕ್ಕೆ ಬೇಕಾದಷ್ಟಿತ್ತು. ಮಾಸ್ತರರು ತಿದ್ದದೆ ಅವಳ ಪಕ್ಕ ಕಟ್ಟೆಯ ಮೇಲೆ ಕೂತರು.