ಎರಡು ಮೀಟರ್ ಹೆಚ್ಚು ಓಡಿದವನು

ಹೊಲಿಗೆ ತರಬೇತಿ ಕೇಂದ್ರದಲ್ಲಿ ಬೋಧಕಿಯ ಕೆಲಸ ಖಾಲಿಯಾದಾಗ ಬೀದಿಯವರೆಲ್ಲ ಟೈಲರ್ ಅಕ್ಕನ ಕಡೆಗೇ ಬೆರಳು ತೋರಿಸಿದರು. ಇಪ್ಪತ್ತೆರಡು ವರ್ಷ ಕತ್ತರಿ ಹಿಡಿದು ಪಳಗಿದ ಕೈ. ಆದರೆ ಅರ್ಜಿ ಹಾಕಲು ಹತ್ತನೇ ತರಗತಿ ಪಾಸಾಗಿರಬೇಕಿತ್ತು. ಅಕ್ಕ ಹದಿನಾರನೇ ವಯಸ್ಸಿನಲ್ಲಿ ವಿಜ್ಞಾನವೊಂದರಲ್ಲೇ ಮುಗ್ಗರಿಸಿ ಹೊಲಿಗೆ ಮಿಷನ್ನಿನ ಮುಂದೆ ಕೂತವಳು. ಪರೀಕ್ಷೆಗೆ ಎರಡು ತಿಂಗಳಿತ್ತು. ಈ ಸಲ ತಪ್ಪಿದರೆ ಆ ಕುರ್ಚಿ ಬೇರೆಯವರ ಪಾಲು.

ಕಲಿಸುವ ಹೊಣೆ ಗಂಡನ ತಲೆಗೆ ಬಿತ್ತು. ಅಂಚೆ ಕಚೇರಿಯಲ್ಲಿ ಪಾರ್ಸಲ್ ತೂಗುವ ಗುಮಾಸ್ತರಾದರೂ ಅವರು ಬಿ.ಎಸ್ಸಿ. ಎಷ್ಟನೇ ಯತ್ನದಲ್ಲಿ ಎಂದು ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ದಿನಾ ಬೆಳಿಗ್ಗೆ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಟೇಪು, ಸೀಮೆಸುಣ್ಣಗಳನ್ನು ಸರಿಸಿ ಪುಸ್ತಕ ಹರಡಿ, ಮುಖದ ಮೇಲೆ ಅಪಾರ ಸಹನೆ ತಂದುಕೊಂಡು ಕೂರುತ್ತಿದ್ದರು.

ಸಹನೆ ಮೊದಲ ದಿನ ಖರ್ಚಾಗಲೇ ಇಲ್ಲ. ಹೈಡ್ರೋಜನ್, ಆಕ್ಸಿಜನ್ ಸೇರಿ ನೀರಾಗುವ ಸಮೀಕರಣವನ್ನು ಸರಿದೂಗಿಸಬೇಕಿತ್ತು. ಅಕ್ಕ ಕನ್ನಡಕ ಏರಿಸಿ ಒಮ್ಮೆ ನೋಡಿದಳು.

"ಈ ಕಡೆ ಆಕ್ಸಿಜನ್ ಎರಡು ತುಂಡಿದೆ, ಆ ಕಡೆ ಒಂದೇ. ಇನ್ನೊಂದನ್ನ ಯಾವ ಟೈಲರ್ ಹೊಡ್ಕೊಂಡ?"

ಅಷ್ಟು ಹೇಳಿ ನೀರಿನ ಎಡಕ್ಕೆ ಎರಡು, ಹೈಡ್ರೋಜನ್ನಿನ ಎಡಕ್ಕೆ ಎರಡು ಬರೆದು ಲೆಕ್ಕ ಮುಗಿಸಿದಳು. ಗುಮಾಸ್ತರು ಇದನ್ನು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದರು.

ಭೌತಶಾಸ್ತ್ರದಲ್ಲಿ ಮಾತ್ರ ಅವಳ ಉತ್ತರಗಳೆಲ್ಲ ತಪ್ಪು, ಅದೂ ಚೂರೇ ಚೂರು. ಒಬ್ಬ ಸೆಕೆಂಡಿಗೆ ನಾಲ್ಕು ಮೀಟರಿನಂತೆ ಇಪ್ಪತ್ತೈದು ಸೆಕೆಂಡು ಓಡಿದರೆ ದೂರವೆಷ್ಟು? ಅಕ್ಕ ನೂರಾ ಎರಡು ಎಂದು ಬರೆದಿದ್ದಳು. ಗುಮಾಸ್ತರು ಕೂಡಿ, ಗುಣಿಸಿ, ತಲೆ ಕೆರೆದುಕೊಂಡರು. ಕೊನೆಗೆ ಆ ಎರಡು ಮೀಟರ್ ಎಲ್ಲಿಂದ ಬಂತೆಂದು ಕೇಳಿದರು.

"ನೂರೇ ಬಂತು ರೀ. ಎರಡು ಮೀಟರ್ ಇರಲಿ ಅಂತ ಬಿಟ್ಟೆ. ಕಡಿಮೆ ಬಿದ್ರೆ ಆಮೇಲೆ ಎಲ್ಲಿಂದ ತರೋದು?"

ಒಂದು ವಾರ ಈ 'ಇರಲಿ'ಯ ಜೊತೆ ಗುದ್ದಾಡಿದರು. ನಿಯಮ ಹೇಳಿದರು, ಸೂತ್ರ ಬರೆಸಿದರು. ಲೋಲಕದ ದಾರಕ್ಕೂ ಅವಳು ಎರಡು ಇಂಚು ಬಿಟ್ಟಳು. ಒಂದು ಬೆಳಿಗ್ಗೆ ಅವರು ಪೆನ್ನು ಕೆಳಗಿಟ್ಟು, ಓಡಿದವನು ಆಗಲೇ ಓಡಿ ಮುಗಿಸಿದ್ದಾನೆ, ಇನ್ನು ಅವನನ್ನು ಕತ್ತರಿಸುವುದಕ್ಕೇನಿದೆ ಎಂದು ಗೋಗರೆದರು. ಅಕ್ಕ ಮೇಜಿನ ಮೂಲೆಗೆ ಸರಿಸಿದ್ದ ಟೇಪನ್ನು ಎತ್ತಿಕೊಂಡಳು.

"ಓ, ಇದು ಮೈ ಅಳತೆ ಅನ್ನಿ! ನಾನು ಬಟ್ಟೆ ಅಳತೆ ಅಂದ್ಕೊಂಡಿದ್ದೆ. ಮೈ ಅಳತೆಗೆ ಯಾರಾದ್ರೂ ಸೇರಿಸಿ ಬರೀತಾರಾ?"

ಅಲ್ಲಿಂದ ಮುಂದೆ ಅವಳ ಉತ್ತರಗಳು ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ.

ಪರೀಕ್ಷೆ ಮುಗಿಸಿ ಬಂದವಳ ಕೈಯಿಂದ ಗುಮಾಸ್ತರು ಪ್ರಶ್ನೆಪತ್ರಿಕೆ ಇಸಿದುಕೊಂಡು ತಾವೂ ಬಿಡಿಸತೊಡಗಿದರು. ಐನೂರು ಗ್ರಾಂ ತೂಕದ ಚೆಂಡು, ಸೆಕೆಂಡಿಗೆ ನಾಲ್ಕು ಮೀಟರ್ ವೇಗ, ಚಲನಶಕ್ತಿ ಎಷ್ಟು? ಅವರಿಗೆ ನಾಲ್ಕು ಸಾವಿರ ಜೂಲ್ ಬಂತು. ಕೇಳಿದರೆ, ಅವಳು ಬರೆದದ್ದು ಬರೀ ನಾಲ್ಕು. ಹೋಯಿತು ಕೆಲಸ ಎಂದುಕೊಂಡರು. ತಾವು ಲೆಕ್ಕ ಮಾಡಿದ ಕಾಗದವನ್ನು ಅವಳ ಮುಂದೆ ಸರಿಸಿದರು.

ಅಕ್ಕ ಓದಿದಳು. ಮತ್ತೊಮ್ಮೆ ಓದಿದಳು.

"ಐನೂರು ಏನು ರೀ? ಗ್ರಾಮಾ, ಕಿಲೋನಾ? ಐನೂರು ಕಿಲೋ ಚೆಂಡನ್ನ ಯಾರು ಎಸೀತಾರೆ?"

ದಿನವಿಡೀ ಗ್ರಾಮಿನಲ್ಲೇ ತೂಗುವವರಿಗೆ ಅದನ್ನು ಕಿಲೋಗ್ರಾಮಿಗೆ ಇಳಿಸಬೇಕೆಂಬುದೇ ಮರೆತಿತ್ತು. ತಮ್ಮ ತಪ್ಪಿಗೆ ಅಷ್ಟೊಂದು ಸಂತೋಷಪಟ್ಟದ್ದು ಅವರ ಜೀವಮಾನದಲ್ಲಿ ಅದೇ ಮೊದಲು.

ಅಕ್ಕನಿಗೆ ನೂರಕ್ಕೆ ಅರವತ್ತೆಂಟು ಬಂತು. ತಮಗೆ ಆ ವಿಷಯದಲ್ಲಿ ಎಷ್ಟು ಬಂದಿತ್ತು ಎಂಬುದನ್ನು ಗುಮಾಸ್ತರು ಈಗಲೂ ಹೇಳುವುದಿಲ್ಲ. ಅರ್ಜಿಯನ್ನು ತಾವೇ ತುಂಬಿಕೊಡುತ್ತೇನೆಂದು ಪೆನ್ನು ತೆರೆದರು. ಅಕ್ಕ ಅದನ್ನು ಅವರ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ವಿದ್ಯಾರ್ಹತೆ ಎಂಬ ಕಡೆ ಗುಂಡಗಿನ ಅಕ್ಷರಗಳಲ್ಲಿ 'ಹತ್ತನೇ ತರಗತಿ ಪಾಸು' ಎಂದು ಬರೆದು, ಶಾಯಿ ಒಣಗುವವರೆಗೂ ನೋಡುತ್ತ ಕೂತಳು.