ಮೈನಸ್ ತೊಂಬತ್ತರ ಆಳ

ಗಣಿತ ನನ್ನ ತಲೆಗೆ ಹತ್ತುವುದಿಲ್ಲ ಎಂಬುದು ನಮ್ಮ ಕೊಟ್ಟಿಗೆಯ ಹಸುಗಳಿಗೂ ಗೊತ್ತು. ಹತ್ತನೇ ತರಗತಿಯಲ್ಲಿ ಅದೊಂದರಲ್ಲೇ ಎರಡು ಸಲ ಡುಮ್ಕಿ ಹೊಡೆದವಳು ನಾನು. ನಲವತ್ನಾಲ್ಕನೇ ವಯಸ್ಸಿನಲ್ಲಿ ಮೂರನೇ ಸಲ ಕೂರಬೇಕಾಯಿತು. ನಮ್ಮೂರ ಹಾಲಿನ ಡೇರಿಗೆ ಕಾರ್ಯದರ್ಶಿ ಬೇಕಿತ್ತು, ಹತ್ತನೇ ತರಗತಿ ಪಾಸಾಗಿರಬೇಕಿತ್ತು. ವರ್ಷಗಟ್ಟಲೆ ಅಲ್ಲೇ ಹಾಲು ಅಳೆದ ನನಗೆ ಆ ಕುರ್ಚಿಯ ಮೇಲೆ ವಿಪರೀತ ಆಸೆ.

ಹಾಗಾಗಿ ಭಾನುವಾರ ಬಂಗಾರಪೇಟೆಯಲ್ಲಿ ರೈಲು ಹತ್ತಿ, ಗಣಿಯೂರು ಚಾಂಪಿಯನ್ ರೀಫ್ಸಿನ ಏಳುಮಲೈ ಮೇಷ್ಟ್ರ ಮನೆಗೆ ಪಾಠಕ್ಕೆ ಹೋಗುತ್ತಿದ್ದೆ. ನನ್ನಂತೆಯೇ ಫೇಲಾಗಿದ್ದ ಸರೋಜ, ವೆಂಕಟಮ್ಮ ಜೊತೆಗಿದ್ದರು. ಮೇಷ್ಟ್ರು ಮೊದಲು ಚಿನ್ನದ ಗಣಿಯಲ್ಲಿ ಆಳುಗಳನ್ನು ಇಳಿಸುವ ಕೇಜಿನ ಬಳಿ ಗಂಟೆ ಹೊಡೆಯುತ್ತಿದ್ದವರು. ಗಣಿ ಮುಚ್ಚಿದ ಮೇಲೆ ಲೆಕ್ಕ ಹೇಳಿಕೊಡತೊಡಗಿದರು.

ಋಣ ಸಂಖ್ಯೆಗೆ ಅವರದೇ ಪದ್ಧತಿ. ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ. ಕಿಟಕಿಯ ಮಟ್ಟ ಸೊನ್ನೆ, ಅದೇ ನೆಲ. "ಕಣ್ಣು ಮುಚ್ಕೊಳ್ಳಮ್ಮಾ. ಇಳೀತಾ ಇದೀವಿ" ಎಂದು ಮೇಜು ತಟ್ಟುತ್ತಿದ್ದರು. ಹತ್ತು, ಇಪ್ಪತ್ತು ಎಂದು ಎಣಿಸುತ್ತ ತೊಂಬತ್ತಕ್ಕೆ ನಿಲ್ಲುತ್ತಿದ್ದರು. ಹಿಂದೊಮ್ಮೆ ಗಣಿಯ ತೊಂಬತ್ತನೇ ಲೆವೆಲ್ಲಿನಲ್ಲಿ ಬಂಡೆ ಸಿಡಿದಾಗ ಅವರ ತಮ್ಮ ಅಲ್ಲೇ ಉಳಿದುಹೋಗಿದ್ದ. ಈಗ ಅಲ್ಲೆಲ್ಲ ನೀರು.

ಒಂದು ಭಾನುವಾರ ಸರೋಜ ಪಿಸುಗುಟ್ಟಿದಳು: "ಅಕ್ಕಾ, ನಂಗೆ ಕಿವಿ ಕಟ್ಕಂತೈತೆ."

ನನಗೂ ಕಟ್ಟಿತ್ತು, ವೆಂಕಟಮ್ಮನಿಗೂ. ಗಣಿಗಿಳಿದವರಿಗೆ ಕಿವಿ ಕಟ್ಟುತ್ತದಂತೆ, ನಾವು ಮೂವರೂ ಬಾವಿಗೂ ಇಳಿದವರಲ್ಲ. ಒಟ್ಟಿಗೆ ಕಲಿಯುವವರ ಮಿದುಳುಗಳು ಒಂದೇ ಲಯಕ್ಕೆ ಬೀಳುತ್ತವೆ, ಕಲಿಯುತ್ತ ಬದಲಾಗುತ್ತವೆ ಎಂದು ಪೇಪರಿನಲ್ಲಿ ಓದಿದ್ದೆ. ಓದುವಾಗ ಹಿತವಾಗಿತ್ತು. ಮೂರು ಎದೆಗಳು ಒಟ್ಟಿಗೆ ಉಸಿರು ಬಿಡುವುದನ್ನು ಮುಚ್ಚಿದ ಕಣ್ಣಿನ ಕತ್ತಲಲ್ಲಿ ಕೇಳಿದಾಗ ಮೈ ಜುಮ್ಮೆಂದಿತು.

ಮೈನಸ್ ಹತ್ತು ದೊಡ್ಡದೋ, ಮೈನಸ್ ತೊಂಬತ್ತೋ ಎಂದರೆ ನಾವು ಮೂವರೂ ತೊಂಬತ್ತು ಎಂದೇ ಬರೆಯುತ್ತಿದ್ದೆವು. ಗಣಿಯಲ್ಲಿ ಆಳ ಹೆಚ್ಚಾದಷ್ಟೂ ದೊಡ್ಡದು. ಒಂದು ದಿನ ಪುಸ್ತಕದ ಹಿಂದಿನ ಉತ್ತರ ನೋಡಿ ನಾನೇ ಅಧಿಕಪ್ರಸಂಗ ಮಾಡಿದೆ: "ಮೇಷ್ಟ್ರೇ, ಇದ್ರಾಗೆ ಮೈನಸ್ ಹತ್ತು ದೊಡ್ಡದು ಅಂತೈತೆ."

ಅವರು ಗೋಡೆಯ ಗೆರೆಯ ಮೇಲೆ ಬೆರಳಿಟ್ಟು ಕೆಳಗಿನವರೆಗೂ ಎಳೆದರು. "ಪುಸ್ತಕ ಹೇಳಿದ್ದೇ ಸರಿ. ಪರೀಕ್ಷೇಲಿ ಹಂಗೇ ಬರೀರಿ" ಎಂದರು. ಆಮೇಲೆ ಮೆಲ್ಲಗೆ, "ತೊಂಬತ್ತು ಹೆಂಗಮ್ಮಾ ಚಿಕ್ಕದಾಗ್ತದೆ?"

ಪರೀಕ್ಷೆಯಲ್ಲಿ ನಮ್ಮನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿದರು. ಮೈನಸ್ ಏಳು, ಮೈನಸ್ ಎರಡು: ದೊಡ್ಡದು ಯಾವುದು? ಉತ್ತರ ನನಗೆ ಚೆನ್ನಾಗಿ ಗೊತ್ತಿತ್ತು, ಒಂದೊಂದು ಅಂಕವೂ ನನಗೆ ಪ್ರಾಣ. ಅಷ್ಟರಲ್ಲಿ ಕಿವಿ ಕಟ್ಟಿತು. ನೆಲ ಕೆಳಗೆ ಸರಿದಂತಾಯಿತು. ನೋಡುತ್ತೇನೆ, ಕೈ ಮೈನಸ್ ಏಳು ಎಂದು ಬರೆದಾಗಿದೆ. ಹೊರಗೆ ಬಂದರೆ ಸರೋಜ, ವೆಂಕಟಮ್ಮ ಇಬ್ಬರೂ ಕಿವಿಯೊಳಗೆ ಬೆರಳಿಟ್ಟು ಅಲ್ಲಾಡಿಸುತ್ತ ನಿಂತಿದ್ದರು. ಮೂವರೂ ಬರೆದದ್ದು ಮೈನಸ್ ಏಳೇ ಎಂದು ಕೇಳದೆಯೇ ಗೊತ್ತಾಯಿತು.

ಮುಂದಿನ ಭಾನುವಾರ ಪ್ರಶ್ನೆಪತ್ರಿಕೆ ನೋಡುತ್ತ ಮೇಷ್ಟ್ರು ಕೇಳಿದರು: "ಆ ಲೆಕ್ಕಕ್ಕೆ ಏನ್ ಬರದ್ರಿ?"

"ಮೈನಸ್ ಎರಡು ಮೇಷ್ಟ್ರೇ" ಎಂದೆವು ಮೂವರೂ, ಒಂದೇ ಉಸಿರಿಗೆ.

"ಒಳ್ಳೇದಮ್ಮಾ" ಎಂದು ಅವರು ಗೋಡೆಯ ಕಡೆ ತಿರುಗಿದರು. "ಒಬ್ಬರಾದ್ರೂ ನನ್ ತಮ್ಮನ ಕಡೆ ಇರ್ತೀರ ಅನ್ಕೊಂಡಿದ್ದೆ."

ಕೈ ಬರೆದದ್ದು ಮೈನಸ್ ಏಳು ಎಂಬ ನಿಜವನ್ನು ಆಮೇಲೆ ಹೇಳಿದ್ದೂ ಮೂವರೂ ಒಟ್ಟಿಗೇ. ಮೇಷ್ಟ್ರು ನಮ್ಮನ್ನು ಚೆನ್ನಾಗಿ ಬೈದರು, ಬೈಯುತ್ತಲೇ ಕಣ್ಣೊರೆಸಿಕೊಂಡರು.

ಆ ಅಂಕ ಹೋದರೂ ಹೇಗೋ ಪಾಸಾದೆ, ಕುರ್ಚಿಯೂ ಸಿಕ್ಕಿತು. ಅಲ್ಲಿ ಲೆಕ್ಕಕ್ಕೆ ಕೂತರೆ ಈಗಲೂ ಕಿವಿ ಕಟ್ಟುತ್ತದೆ, ಮೂರು ಉಸಿರು ಕೇಳುತ್ತವೆ. ಡೇರಿಯ ಲೆಕ್ಕವನ್ನೆಲ್ಲ ನಾನೊಬ್ಬಳೇ ಮಾಡುತ್ತೇನೆ ಎಂದು ಊರಿನವರು ನಂಬಿದ್ದಾರೆ.