ಎರಡೂಕಾಲು ತಾಸಿನ ದೂರ

ಅಕ್ಕ, ಅವ್ವನ ಮಣ್ಣಿಗೆ ನಿನ್ನನ್ನು ಕಾಯದಂತೆ ಮಾಡಿದವಳು ನಾನು. ಹುಮನಾಬಾದಿನ ಕಾಕಾ ಅಲ್ಲ. ಅವರ ಮೇಲಿನ ಸಿಟ್ಟಿಗೆ ನೀನು ಇಷ್ಟು ವರ್ಷ ಅವರ ಹೊಸ್ತಿಲು ತುಳಿದಿಲ್ಲ. ಆ ಸಿಟ್ಟು ನನಗೆ ಸಲ್ಲಬೇಕಾದದ್ದು.

ಅವ್ವನ ಪುಣ್ಯತಿಥಿಗೆಂದು ನೀನು ದಿಲ್ಲಿಯಿಂದ ವಿಮಾನ ಹತ್ತಿಯಾಗಿದೆ, ನಿನ್ನ ಫೋನು ಬಂದ್ ಆಗಿದೆ. ಅವ್ವ ಹೋದ ದಿನವೂ ನೀನು ಹೊರಟ ಮೇಲೆ ಹೀಗೇ ಬಂದ್ ಇತ್ತು.

ನಿನಗೆ ಗೊತ್ತಿಲ್ಲ — ಬಸವಕಲ್ಯಾಣದ ನಮ್ಮ ಮನೆಯ ಮೇಲೆ ವಿಮಾನ ಹಾದಾಗಲೆಲ್ಲ ಅವ್ವ ಅಂಗಳಕ್ಕೆ ಬಂದು ಕತ್ತೆತ್ತಿ ನಿಲ್ಲುತ್ತಿದ್ದಳು. "ಇದರಾಗ ಕುಂತ್ರ ನಿಮ್ಮಕ್ಕ ಎಷ್ಟೊತ್ತಿಗೆ ಬರ್ತಾಳ?" ಮೊಬೈಲಿನಲ್ಲಿ ನೋಡಿ ಹೇಳಿದ್ದೆ: ಹೈದರಾಬಾದಿಗೆ ಸಾವಿರದಿನ್ನೂರು ಕಿಲೋಮೀಟರಿಗೂ ಮೇಲೆ, ಆದರೂ ಎರಡೂಕಾಲು ತಾಸು. ಅಲ್ಲಿಂದ ಕಾರಿನಲ್ಲಿ ಮೂರು-ನಾಲ್ಕು ತಾಸು. ಅವ್ವ ನಗುತ್ತಿದ್ದಳು, "ನಮ್ಮ ಬಸ್ಸು ಇಲ್ಲೇ ಬಾಜೂಕಿನ ಹುಲಸೂರ ಮುಟ್ಟೂದ್ರಾಗ ನನ್ನ ಮಗಳು ದಿಲ್ಲಿ ದಾಟಿ ಬಂದಿರ್ತಾಳ!" ಈ ಲೆಕ್ಕ ಇಲ್ಲಿ ಗೊತ್ತಿದ್ದವರು ನಾನು, ಅವ್ವ ಇಬ್ಬರೇ.

ತೀರಿಕೊಳ್ಳುವ ಹಿಂದಿನ ದಿನ ಅವ್ವ ಎದೆ ಉರಿಯುತ್ತದೆ ಎಂದಳು. ನರ್ಸ್ ಆದ ನೀನು ಎಷ್ಟು ಸಲ ಹೇಳಿದ್ದಿ, ಎದೆ ಎಂದರೆ ಸೀದಾ ದವಾಖಾನೆಗೆ ಒಯ್ಯಿ ಎಂದು. ನಾನು ಅಜವಾನದ ನೀರು ಕುಡಿಸಿ ಹುಲಸೂರಿಗೆ, ನಾದಿನಿಯ ಕೂಸಿನ ತೊಟ್ಟಿಲ ಕಾರ್ಯಕ್ಕೆ ಹೋದೆ. ಹೊಸ ಸೀರೆ ಉಟ್ಟಿದ್ದೆ, ಅಕ್ಕ. ಸಂಜೆ ಬಂದ ಮೇಲೂ ಗ್ಯಾಸ್ ಇರಬೇಕು ಎಂದು ಸುಮ್ಮನಾದೆ. ಬೆಳಗಾಗುವಷ್ಟರಲ್ಲಿ —

ಫೋನಿನಲ್ಲಿ ನೀನು ಅಳುತ್ತಲೇ ಹೇಳಿದಿ, "ಸಂಜಿ ಆಗೂದ್ರಾಗ ಮುಟ್ತೀನಿ. ನಾ ಬರೂತನ ಅವ್ವನ್ನ ಇಟ್ಕೋರಿ." ಆಮೇಲೆ ಕೇಳಿದಿ, "ಯಾವಾಗಿಂದ ತ್ರಾಸ ಆಗಾಕತ್ತಿತ್ತು?" ನಾನು ಫೋನು ಕಟ್ ಮಾಡಿದೆ. ಅದೇ ಮಾತನ್ನು ನೀನು ಅವ್ವನ ಎದುರು ನಿಂತು, ನನ್ನ ಮುಖ ನೋಡಿ ಕೇಳಿದರೆ ಎಂದು ಹೆದರಿದೆ.

ಅವ್ವನನ್ನು ಹುಮನಾಬಾದಿನ ಹೊಲಕ್ಕೆ ಒಯ್ಯಲು ಬಂದಿದ್ದ ಕಾಕಾ ಕೇಳಿದರು, "ದೊಡ್ಡಾಕಿ ಬರಾಕ ಎಷ್ಟೊತ್ತಾಗ್ತದವ್ವಾ? ಆಕಿ ಬರೂತನ ತಡೀತೀವಿ."

"ನಾಳಿ ಆಗ್ತದ್ರಿ ಕಾಕಾ. ಹಾದಿ ಕಾಯಬ್ಯಾಡ್ರಿ."

ಮಧ್ಯಾಹ್ನವೇ ಮಣ್ಣಾಯಿತು. ಹೊತ್ತು ಮುಳುಗುವ ಮೊದಲೇ ನೀನು ಹೊಲದ ಬದುವಿನ ಮೇಲೆ ನಿಂತಿದ್ದಿ, ಹೆಗಲ ಚೀಲ ಇಳಿಸದೆ. ಯಾಕೆ ತಡೆಯಲಿಲ್ಲ ಎಂದು ಕೇಳಿದಿ. "ಕಾಕಾ ಕೇಳ್ಲಿಲ್ಲ ಅಕ್ಕ" ಎಂದುಬಿಟ್ಟೆ. ಕಾಕಾನಿಗೆ ಬೇರೆ ಸುಳ್ಳು — ಅಕ್ಕನಿಗೆ ಯಾವುದೋ ಬೇಗಿನ ವಿಮಾನ ಸಿಕ್ಕಿತಂತೆ. ಪಾಪ, ನಂಬಿದರು.

ಇಂದು ಮುಂಜಾನೆ ಅವರೇ ಫೋನ್ ಮಾಡಿದ್ದರು. "ದೊಡ್ಡಾಕಿ ಎಷ್ಟೊತ್ತಿಗೆ ಮುಟ್ತಾಳವ್ವಾ?"

"ಸಂಜಿ ಆಗೂದ್ರಾಗ ಬರ್ತಾಳ್ರಿ," ಎಂದೆ. "ಅವತ್ತೂ ಅಷ್ಟೊತ್ತಿಗೇ ಬರಾಕಿದ್ಲು, ಕಾಕಾ. ನನಗ ಗೊತ್ತಿತ್ತು."

ಅವರು ಫೋನು ಇಟ್ಟುಬಿಟ್ಟರು.

ನೀನು ಇಳಿದ ಕೂಡಲೇ ಇದು ನಿನಗೆ ಸಿಗುತ್ತದೆ. ಮೊದಲು ಕಾಕಾನ ಮನೆಗೆ ಹೋಗು. ನಾನು ಅವ್ವನ ಹತ್ತಿರ ಹೊಲದಲ್ಲಿರುತ್ತೇನೆ. ಹೆದರಿಕೆ ಇನ್ನೂ ಹೋಗಿಲ್ಲ. ಆದರೂ ಬಂದು ಕೇಳು ಅಕ್ಕ, ಯಾವಾಗಿಂದ ತ್ರಾಸವಿತ್ತು ಎಂದು — ಅವ್ವನ ಎದುರೇ ಹೇಳುತ್ತೇನೆ.